ಬರ್ನಡೀನಳ ಮೀನುಕಟ್ಟೆ

ಕಿಂಬರ್ಲಿ ಕರಾವಳಿಯ ಮೂಲನಿವಾಸಿಗಳಾದ ಬಾರ್ಡಿ ಜನರ ನಡುವೆ ಬರ್ನಡೀನ್ ಅಂದರೆ ಮಾತಿನ ಮಲ್ಲಿ. ಮೀನು ದಡಕ್ಕೆ ಬರುವುದೇ ಇವಳ ಹರಟೆ ಕೇಳಲಿಕ್ಕೆ ಎಂದು ನೆಂಟರು ಗೇಲಿ ಮಾಡುತ್ತಿದ್ದರು. ಬಹಳ ವರ್ಷ ಊರ ಶಾಲೆಯ ಅಡುಗೆಮನೆಯಲ್ಲಿ ದುಡಿದ ಆಕೆ ಐವತ್ತರ ಹೊಸ್ತಿಲಲ್ಲಿ ಆ ಕೆಲಸ ಬಿಟ್ಟು, ಹಳೆಯ ಜೀಪೊಂದನ್ನು ಕೊಂಡು, ಪ್ರವಾಸಿಗರನ್ನು ತನ್ನ ಅಜ್ಜಂದಿರ ನೆಲದಲ್ಲಿ ಸುತ್ತಾಡಿಸತೊಡಗಿದಳು. ಕೆಂಪು ಬಂಡೆ ಇಳಿದು ಕಡಲಿಗೆ ಕಾಲಿಡುವ ಮುಂಚೆ ಬಂದವರನ್ನೆಲ್ಲ ನಿಲ್ಲಿಸಿ, ಅಲೆಗಳ ಕಡೆ ಮುಖ ಮಾಡಿ ತೀರಿಹೋದ ಹಿರಿಯರಿಗೆ ಕೇಳುವಂತೆ ತನ್ನ ಭಾಷೆಯಲ್ಲಿ ಕೂಗುತ್ತಿದ್ದಳು: “ಅಜ್ಜಂದಿರಾ, ನಾನು ಬರ್ನಡೀನ್! ಇವ್ರು ನನ್ ಜೊತೆ ಬಂದೋರು. ಹೊಸಬರು ಅಂತ ಹೆದರಿಸ್ಬೇಡಿ, ಸ್ವಲ್ಪ ನೋಡ್ಕೊಳ್ಳಿ!” ಆಮೇಲೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಕೆಸರಲ್ಲಿ ಏಡಿ ಬೇಟೆ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಕರಿ ಚಹಾ, ಮುಗಿಯದ ಮಾತು.

ಏಡಿ ಹಿಡಿಯುವ ಜಾಗಕ್ಕೆ ಹೋಗುವ ದಾರಿಯಲ್ಲಿ, ನೀರಿಳಿದಾಗ ಮಾತ್ರ ಕಾಣುವ ಕಲ್ಲುಗಳ ಒಂದು ಗುಪ್ಪೆಯಿತ್ತು. ಹಿಂದೆ ಅದು ಬಿಲ್ಲಿನಂತೆ ಬಾಗಿದ ಮೀನುಕಟ್ಟೆ. ಉಬ್ಬರದಲ್ಲಿ ಕಟ್ಟೆ ದಾಟಿ ಬಂದ ಮೀನು ಇಳಿತದಲ್ಲಿ ಒಳಗೇ ಉಳಿಯುತ್ತಿತ್ತು. ಬರ್ನಡೀನ್ ಅದನ್ನು ತೋರಿಸಿ, “ನಮ್ಮೋರು ಇಲ್ಲೇ ಮೀನು ಹಿಡೀತಿದ್ರು” ಎಂದು ಹೇಳಿ ಮುಂದೆ ಹೋಗುವುದು ವಾಡಿಕೆ. ಒಂದು ದಿನ ಮೆಲ್ಬರ್ನಿನಿಂದ ಬಂದಿದ್ದ ಹೀದರ್ ಎಂಬ ಹೆಂಗಸು, ಜೀವಮಾನವೆಲ್ಲ ಟ್ರಾಮ್ ಓಡಿಸಿ ನಿವೃತ್ತಳಾದವಳು, ಸುಮ್ಮನೆ ಕೇಳಿದಳು: “ಈಗ್ಲೂ ಮೀನು ಬೀಳುತ್ತಾ?”

“ಇಲ್ಲಮ್ಮ, ಯಾವಾಗ್ಲೋ ಬಿದ್ದೋಯ್ತು ಕಟ್ಟೆ.”

“ಮತ್ತೆ ಕಟ್ಟಬಹುದಲ್ಲ?”

ಬರ್ನಡೀನ್ ಗುಪ್ಪೆಯ ಕಲ್ಲೊಂದನ್ನು ಕಾಲಿನಿಂದ ಅಲುಗಿಸಿ ನೋಡಿದಳು. ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿದರೂ ಅವಳಿಗೆ ಆ ಯೋಚನೆಯೇ ಬಂದಿರಲಿಲ್ಲ.

ಆ ಜಾಗದ ವಿಷಯದಲ್ಲಿ ಕೊನೆಯ ಮಾತು ಹೇಳುವ ಹಕ್ಕು ಅವಳ ತಾಯಿಯ ಅಕ್ಕ ಅಗಾಥಾಳದು. ಅಗಾಥಾ ಆಗ ಚಿಕಿತ್ಸೆಗೆಂದು ಬ್ರೂಮ್ ಪಟ್ಟಣದಲ್ಲಿದ್ದಳು. ಸಂಜೆಯೇ ಫೋನು ಹೋಯಿತು.

“ದೊಡ್ಡಮ್ಮ, ಮೀನುಕಟ್ಟೆ ಕಟ್ಲಾ?”

ಆ ಕಡೆಯಿಂದ ಮುದುಕಿಯ ದನಿ: “ಇಷ್ಟು ವರ್ಷ ನಿದ್ದೆ ಮಾಡ್ತಿದ್ಯೇನೇ? ಕಟ್ಟು! ನಾನು ಬರೋದ್ರೊಳಗೆ ಮುಗಿಸು.”

ಮರುದಿನ ಹೀದರಳೇ ಮೊದಲ ಕಲ್ಲು ಎತ್ತಿದಳು. ಅಂದಿನಿಂದ ಬಂದ ತಂಡವೆಲ್ಲ ಏಡಿ ಬೇಟೆಗೆ ಮುಂಚೆ ಕಲ್ಲು ಹೊತ್ತಿತು. ಬರ್ನಡೀನಳ ಚಿಕ್ಕಪ್ಪನ ಮಗ ಕ್ಲಿಫ್ಟನ್ ದಡದಲ್ಲಿ ಕೂತು ನಗುತ್ತಿದ್ದ.

“ಏನಕ್ಕ, ರಜಾ ಅಂತ ಬಂದೋರ ಸೊಂಟ ಮುರೀತಿದ್ದೀಯಲ್ಲ! ನಾಳೆ ನಿನ್ ಮನೆ ಛಾವಣೀನೂ ರಿಪೇರಿ ಮಾಡಿಸ್ಕೊ.”

“ನಿನ್ ಸೊಂಟಕ್ಕೆ ಏನಾಗಿದ್ಯೋ? ಮೊಸಳೆ ಥರ ಬಿಸಿಲಿಗೆ ಬಿದ್ಕೊಂಡಿದ್ದೀಯಾ!”

ಎರಡು ದಿನ ಹೀಗೇ ನಕ್ಕವನು ಮೂರನೆಯ ದಿನ ಎಲ್ಲರಿಗಿಂತ ದೊಡ್ಡ ಕಲ್ಲಿಗೆ ಕೈ ಹಾಕಿದ.

ಕಟ್ಟೆ ಮುಗಿಯಿತು. ಸಂದಿಗೆಲ್ಲ ಸಣ್ಣ ಕಲ್ಲು ತುರುಕಿ ಕೋಟೆಯಂತೆ ಬಿಗಿ ಮಾಡಿದ್ದರು. ಮೊದಲ ದೊಡ್ಡ ಇಳಿತದಲ್ಲಿ ಒಳಗೆ ತುಂಬಿದ್ದ ನೀರು ಹೊರಡಲು ದಾರಿಯಿಲ್ಲದೆ ನಡುಭಾಗವನ್ನೇ ನೂಕಿಕೊಂಡು ಹೋಯಿತು. ಅದರ ಹಿಂದೆ ಮೀನೂ ಹೋಯಿತು. ಬರ್ನಡೀನ್ ಮೊಣಕಾಲುದ್ದ ನೀರಿನಲ್ಲಿ ನಿಂತು ಅತ್ತಳು.

ಅದೇ ವಾರ ಅಗಾಥಾ ಊರಿಗೆ ಬಂದಳು. ಗಾಲಿಕುರ್ಚಿಯನ್ನು ಮರಳಿನ ಮೇಲೆ ಎಳೆಸಿಕೊಂಡು ಬಂದು, ಮುರಿದ ಕಟ್ಟೆ ನೋಡಿ ಹೊಟ್ಟೆ ಹಿಡಿದು ನಕ್ಕಳು.

“ಅಣೆಕಟ್ಟು ಕಟ್ಟೋಕೆ ಹೇಳಿದ್ದು ಯಾರೇ ನಿಂಗೆ? ನೀರನ್ನ ಕಟ್ಟಾಕಿದ್ರೆ ಅದು ಒದೀದೆ ಇರುತ್ತಾ? ನೀರು ಹೋಗ್ಲಿ, ಮೀನು ಉಳೀಲಿ. ಸಣ್ ಕಲ್ಲೆಲ್ಲ ತೆಗಿ. ಉದ್ದ ಕಲ್ಲನ್ನ ಓರೆಯಾಗಿ, ಒಂದರ ಹೆಗಲ ಮೇಲೆ ಇನ್ನೊಂದು ಕೂರಿಸು.”

ಮತ್ತೆ ಕೆಲಸ ಶುರುವಾಯಿತು. ಅಗಾಥಾ ಕುರ್ಚಿಯಿಂದಲೇ ಎಲ್ಲರನ್ನೂ ಬೈದಳು, ಹೀದರಳನ್ನೂ ಬಿಡಲಿಲ್ಲ. “ಏ ಟ್ರಾಮ್, ಆ ಕಲ್ಲು ಎಡಕ್ಕೆ! ಎಡ ಅಂದ್ರೆ ಗೊತ್ತಿಲ್ವಾ?” ಊರಿಗೆ ಹೊರಡಬೇಕಿದ್ದ ಹೀದರ್ ಟಿಕೆಟ್ ಮುಂದೂಡಿ, ಆ ಹೊಸ ಹೆಸರನ್ನು ಹೆಮ್ಮೆಯಿಂದ ಹೊತ್ತು ಓಡಾಡಿದಳು.

ಹುಣ್ಣಿಮೆಯ ಉಬ್ಬರ ಬಂತು. ಕಟ್ಟೆ ಪೂರ್ತಿ ಮುಳುಗಿತು. ನೀರು ಇಳಿಯತೊಡಗಿದಾಗ ಊರಿಗೆ ಊರೇ ದಡದಲ್ಲಿತ್ತು. ಕಲ್ಲಿನ ತಲೆಗಳು ಒಂದೊಂದಾಗಿ ಮೇಲೆದ್ದವು. ಸಂದಿಗಳಿಂದ ನೀರು ಸಳಸಳ ಹೊರಗೆ ಓಡಿತು. ಕಟ್ಟೆ ಕದಲಲಿಲ್ಲ. ಒಳಗೆ ಮಾತ್ರ ಎಲ್ಲೂ ಏನೂ ಅಲುಗಲಿಲ್ಲ.

ಫಳ್ ಎಂದು ಒಂದು ಬೆಳ್ಳಿ ಮಿಂಚು ಗಾಳಿಗೆ ಹಾರಿತು. ಇನ್ನೊಂದು. ಆಮೇಲೆ ಇಡೀ ಕೊಳವೇ ಕುದಿಯತೊಡಗಿತು.

“ಮಲೆಟ್! ಮಲೆಟ್ ಮೀನು!” ಕ್ಲಿಫ್ಟನ್ ಅರಚಿದ. “ಅಕ್ಕ, ನೋಡೇ! ನೋಡೇ!”

“ನನ್ನ ಬಿಟ್ಟು ಯಾರಾದ್ರೂ ಇಳಿದ್ರೆ ಕಾಲ್ ಮುರೀತೀನಿ!” ಅಗಾಥಾ ಗುಡುಗಿದಳು. ಕ್ಲಿಫ್ಟನ್ ಓಡಿಹೋಗಿ ಅವಳನ್ನು ಬೆನ್ನ ಮೇಲೆ ಹೊತ್ತು ನೀರಿಗಿಳಿದ. ಮುದುಕಿ ಅವನ ಕತ್ತಿಗೆ ಜೋತುಬಿದ್ದು, ಬಗ್ಗಿ, ಕೈಬಲೆಯಲ್ಲಿ ಮೊದಲ ಮೀನನ್ನು ಎತ್ತಿದಳು. ಅದು ಒದ್ದಾಡಿ ಇಬ್ಬರ ಮುಖಕ್ಕೂ ನೀರು ಎರಚಿತು. ಅಲ್ಲೇ ಕಟ್ಟೆಯ ಮೇಲೆ ಅದರ ಹೊಟ್ಟೆ ಸೀಳಿ ನೋಡಿದರೆ ಒಳಗೆ ದಪ್ಪ ಕೊಬ್ಬು, ಮೀನು ಹದಕ್ಕೆ ಬಂದಿದೆ ಎಂಬ ಗುರುತು.

“ಕೊಬ್ಬಿದೆ ಕಣ್ರೇ!” ಎಂದು ಅವಳು ಮಗುವಿನಂತೆ ಕೂಗಿದಳು. ದಡದಿಂದ ಕೇಕೆ ಎದ್ದಿತು. ಬರ್ನಡೀನ್ ಮತ್ತು ಹೀದರ್ ಒಬ್ಬರನ್ನೊಬ್ಬರು ತಬ್ಬಿಕೊಂಡು ನೀರಿನಲ್ಲೇ ದೊಪ್ಪನೆ ಕೂತರು.

ಮೀನು ಮೊದಲು ಊರಿನ ಮುದುಕರ ಪಾಲಾಯಿತು, ಆಮೇಲೆ ಉಳಿದವರದು. ಎಲ್ಲರ ಬುಟ್ಟಿಯೂ ತುಂಬಿದಾಗ ಅಗಾಥಾ ಸಾಕೆಂದಳು. ಬರ್ನಡೀನ್ ತಾನೇ ನಡುವಿನ ಕಲ್ಲುಗಳನ್ನು ಸರಿಸಿ ಬಾಗಿಲು ಮಾಡಿದಳು. ಉಳಿದ ಮೀನು ಅವಳ ಕಾಲು ಸವರಿಕೊಂಡು, ಕಚಗುಳಿಯಿಡುತ್ತ, ಗುಂಪುಗುಂಪಾಗಿ ಕಡಲಿಗೆ ನುಗ್ಗಿತು.