ಸತ್ತ ಮೀನು ಮಾರದ ಮಾಬಣ್ಣ

ಮಾಬಣ್ಣನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಕೆರೆ ಏರಿಯ ಮೇಲೆ ನಿಂತು ನಡುನೀರಿನ ತೆಪ್ಪದಲ್ಲಿದ್ದವರನ್ನು ಕೂಗಿ ಕೂಗಿ ಅವನ ಗಂಟಲು ಆ ಎತ್ತರದಲ್ಲೇ ನಿಂತುಬಿಟ್ಟಿತ್ತು. ಸಾವಿನ ಮನೆಗೆ ಬಂದು ಸಮಾಧಾನ ಹೇಳಿದರೂ ಜಗಳಕ್ಕೆ ಬಂದವನಂತೆ ಕೇಳುತ್ತಿತ್ತು. ಅಜ್ಜಂಪುರದ ಬಸ್ಸಿಳಿದು ನಮ್ಮ ಹಿಟ್ಟಿನ ಗಿರಣಿಯ ಮುಂದೆ ನಿಂತು "ತಂಗೀ, ಚೆನ್ನಾಗಿದೀಯೇನಮ್ಮಾ?" ಎಂದರೆ ಗಿರಣಿ ಓಡುತ್ತಿದ್ದರೂ ನನಗೆ ಕೇಳಿಸುತ್ತಿತ್ತು.

ಹೆಸರು ಮಹಬೂಬ್ ಸಾಬ್, ತರೀಕೆರೆಯವನು. ನಮ್ಮೂರ ಕೆರೆಯಲ್ಲಿ ಮೀನು ಸಾಕಿ ಹಿಡಿಯುವ ಗುತ್ತಿಗೆ ಬಹಳ ವರ್ಷಗಳಿಂದ ಅವನದೇ. ಊರ ಬಾಯಲ್ಲಿ ಮಾಬಣ್ಣ. ನಮ್ಮದು ಮೀನು ಮುಟ್ಟದ ಲಿಂಗಾಯತರ ಮನೆ. ಗಿರಣಿಗೆ ಬರುವ ಮೊದಲು ಅವನು ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿಕೊಂಡು ಬರುತ್ತಿದ್ದ. ಆದರೂ ನಮ್ಮತ್ತೆ ಮೂಗಿಗೆ ಸೆರಗು ಹಿಡಿದೇ ಅವನಿಗೆ ಮಂಡಕ್ಕಿ ಕೊಡುತ್ತಿದ್ದರು.

"ನಿನ್ನ ಮೀನು ಯಾವ ಸೋಪಿಗೂ ಬಗ್ಗಲ್ಲ ಕಣೋ ಮಾಬು."

"ಬಗ್ಗದ ಮೀನೇ ರುಚಿ ಅಮ್ಮಾ. ನಿಮ್ಗೆ ಹೆಂಗ್ ಗೊತ್ತಾಗ್ಬೇಕು!"

ಅತ್ತೆ ನಗು ತಡೆಯಲಾರದೆ ಒಳಗೆ ಹೋಗುತ್ತಿದ್ದರು.

ಮೀನುಮರಿ ಬಿಡುವ ದಿನ ಅವನನ್ನು ನೋಡಬೇಕಿತ್ತು. ಪ್ಲಾಸ್ಟಿಕ್ ಚೀಲಗಳಲ್ಲಿ ಬಂದ ಮರಿಗಳನ್ನು ತಕ್ಷಣ ಸುರಿಯಲು ಬಿಡುತ್ತಿರಲಿಲ್ಲ. ಚೀಲವನ್ನು ಹಾಗೇ ಕೆರೆಯಲ್ಲಿ ತೇಲಿಸಿ ಬಿಡುತ್ತಿದ್ದ. ಯಾರಾದರೂ ಅವಸರ ಮಾಡಿದರೆ ಗದರುತ್ತಿದ್ದ. "ನೀರಿಗೆ ನೀರು ಪರಿಚಯ ಆಗ್ಲಿ ಇರ್ರೀ. ನೀವು ಬೀಗರ ಮನೆಗೆ ಹೋದ್ರೆ ಸೀದಾ ಅಡುಗೆಮನೆಗೆ ನುಗ್ತೀರಾ?"

ಅಂಥ ಕೆರೆಯನ್ನು ನಮ್ಮೂರು ಕೊಂದಿತು. ಬೇರೆ ಯಾವ ಮಾತಿನಲ್ಲೂ ನಾನು ಇದನ್ನು ಹೇಳಲಾರೆ.

ಕೆರೆಗೆ ನೀರು ತರುವ ಹಳ್ಳದ ಎರಡೂ ದಡದಲ್ಲಿ ಮೊದಲು ರಾಗಿ, ಹುರುಳಿ ಇತ್ತು. ಬೋರು ಕೊರೆಸಿದ ಮೇಲೆ ಈರುಳ್ಳಿ ಬಂತು. ಈರುಳ್ಳಿ ಕಿತ್ತ ಬೆನ್ನಿಗೇ ಟೊಮೆಟೊ, ಟೊಮೆಟೊ ಮುಗಿಯುವುದರೊಳಗೆ ಮತ್ತೆ ಈರುಳ್ಳಿ. ಅಂಗಡಿಯವನು ಒಂದು ಹುಳಕ್ಕೆ ಒಂದು ಡಬ್ಬಿ ಕೀಟನಾಶಕ ಕೊಟ್ಟರೆ ನಮ್ಮವರು ಧೈರ್ಯಕ್ಕೆ ಇನ್ನೊಂದನ್ನು ಬೆರೆಸುವರು. ಬೆಳೆಗೆ ಹೊಡೆದು ಮುಗಿದ ಮೇಲೆ ಬೆನ್ನಿನ ಪಂಪುಗಳನ್ನು ಹಳ್ಳಕ್ಕಿಳಿಸಿ ತೊಳೆದು, ಖಾಲಿ ಡಬ್ಬಿಗಳನ್ನು ಅಲ್ಲೇ ಎಸೆದು ಮನೆಗೆ ಹೋಗುವರು. ಹಳ್ಳದ ನೀರು ಹಾಲು ಒಡೆದಂತೆ ಬೆಳ್ಳಗಾಗಿ ಕೆರೆಯ ಕಡೆ ಹರಿಯುತ್ತಿತ್ತು. ನೋಡದವರು ಯಾರೂ ಇರಲಿಲ್ಲ.

ಮಾಬಣ್ಣ ಮಾತ್ರ ಬಾಯಿಬಿಟ್ಟ. ಊರಿನಲ್ಲೇ ದೊಡ್ಡ ಈರುಳ್ಳಿ ಬೆಳೆಗಾರ ಓಂಕಾರಪ್ಪ. ಪಂಚಾಯಿತಿಯಲ್ಲಿ ಅವನು ಹೇಳಿದ್ದೇ ಮಾತು. ಅವನ ಆಳುಗಳು ಹಳ್ಳದಲ್ಲಿ ಪಂಪು ತೊಳೆಯುತ್ತಿದ್ದುದನ್ನು ಕಂಡು ಮಾಬಣ್ಣ ನೇರ ಅವನ ಹೊಲಕ್ಕೇ ನುಗ್ಗಿದ.

"ಅದು ಔಷಧಿ ಸಾಬ್ರೇ, ಯಾಕಂಗೆ ಕೂಗಾಡ್ತೀರ?" ಎಂದ ಓಂಕಾರಪ್ಪ.

"ಔಷಧೀನಾ? ಹಂಗಾದ್ರೆ ಆ ಡಬ್ಬೀಲೇ ನಿನ್ನ ಮೊಮ್ಮಗೂಗೆ ಹಾಲು ಕುಡ್ಸಪ್ಪ, ನೋಡಾನ!"

ಬೈದು ಸುಮ್ಮನಾಗುವ ಮನುಷ್ಯನಲ್ಲ ಅವನು. ಹೊಲಗಳ ಹತ್ತಿರ ತಾನೇ ಒಂದು ಗುಂಡಿ ತೋಡಿಸಿ, ಪಕ್ಕದಲ್ಲಿ ದೊಡ್ಡ ಡ್ರಮ್ಮಿಟ್ಟು ನೀರು ತುಂಬಿಸಿದ. ಇಲ್ಲೇ ತೊಳೀರಿ, ಹಳ್ಳಕ್ಕೆ ಇಳೀಬೇಡ್ರಿ ಎಂದು ಮನೆಮನೆಗೆ ಹೋಗಿ ಹೇಳಿದ. ವಾರ ಕಳೆಯುವುದರೊಳಗೆ ಡ್ರಮ್ಮು ಮಾಯವಾಯಿತು. ಕೊನೆಗೆ ಅದು ಸಿಕ್ಕಿದ್ದು ಓಂಕಾರಪ್ಪನ ಕೊಟ್ಟಿಗೆಯಲ್ಲಿ. ಅದರ ತುಂಬ ಬೂಸಾ ಇತ್ತು. ಊರವರು ಇದನ್ನು ಹೇಳಿಕೊಂಡು ನಕ್ಕರು.

ಆ ವರ್ಷ ಮುಂಗಾರು ತಡವಾಗಿ, ಒಂದೇ ಸಲ ಜೋರಾಗಿ ಹಿಡಿಯಿತು. ಮಳೆ ನಿಂತ ಬೆಳಗ್ಗೆ ನಾನು ಗಿರಣಿಯ ಬಾಗಿಲು ತೆಗೆಯುವಾಗಲೇ ಗಾಳಿಯಲ್ಲಿ ಘಾಟು ಇತ್ತು. ಏರಿ ಹತ್ತಿ ನೋಡಿದೆ. ಕೆರೆಯಂಚಿನ ಉದ್ದಕ್ಕೂ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೆಲವು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು. ಮುಂಗೈಗಾತ್ರದ ಕಾಟ್ಲ ಮೀನುಗಳು ಗಿರಗಿರನೆ ಸುತ್ತಿ, ದಡಕ್ಕೆ ತಲೆ ಬಡಿದುಕೊಂಡು ನಿಶ್ಚಲವಾಗುತ್ತಿದ್ದವು.

ಅಷ್ಟರಲ್ಲೇ ಜನ ಬುಟ್ಟಿ, ಬಕೀಟು, ಗೊಬ್ಬರದ ಚೀಲ ಹಿಡಿದು ಇಳಿದಿದ್ದರು. ಪುಕ್ಕಟೆ ಮೀನು! ಯಾರಿಗೂ ಅವು ಹೇಗೆ ಸತ್ತವು ಎನ್ನುವ ಯೋಚನೆ ಬರಲಿಲ್ಲ. ಬಂದಿದ್ದರೂ ನುಂಗಿಕೊಂಡರು.

ಮಾಬಣ್ಣ ಮೊದಲ ಬಸ್ಸಿಗೆ ಬಂದ. ಕೆರೆಯನ್ನು ನೋಡಿ ಅವನು ಅಳುತ್ತಾನೆಂದು ನಾನು ಅಂದುಕೊಂಡಿದ್ದೆ. ಅವನು ತೆಪ್ಪದ ಹುಟ್ಟನ್ನು ಕಿತ್ತುಕೊಂಡು ಜನರ ಮೇಲೇ ನುಗ್ಗಿದ. "ಚೆಲ್ರೀ! ಚೆಲ್ರೀ ಅದನ್ನ! ವಿಷ ಕುಡ್ದು ಸತ್ತಾವೆ, ಕಣ್ಣಿಲ್ವಾ ನಿಮ್ಗೆ?" ಬುಟ್ಟಿಗಳನ್ನು ಒದ್ದ, ಚೀಲಗಳನ್ನು ಕೊಡವಿದ. ಈರುಳ್ಳಿ ಹೊಲಕ್ಕೆ ಕಳೆ ಕೀಳುವ ಕೂಲಿಗೆ ಹೋಗುವ ರತ್ನಮ್ಮ ಮೀನುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಅವಳ ಮುಂದೆ ಅಡ್ಡ ನಿಂತು ಸುರಿಸಿದ. ಅವಳು ಮಣ್ಣು ತೂರಿ ಶಾಪ ಹಾಕಿದಳು. "ಹೊಟ್ಟೆ ತುಂಬಿದೋನು ನೀನು! ನಮ್ಮ ಮಕ್ಳ ಬಾಯಿಗೆ ಬಂದಿದ್ದು ಕಿತ್ಕೋತೀಯಾ?" ಅವನು ತಲೆ ತಗ್ಗಿಸಿಕೊಂಡು ನಿಂತ, ಆದರೆ ಜಾಗ ಬಿಡಲಿಲ್ಲ. ಮರುದಿನ ಅಜ್ಜಂಪುರದಿಂದ ಒಂದು ಕೋಳಿ ತಂದು ಅವಳ ಗುಡಿಸಲ ಮುಂದೆ ಕಟ್ಟಿ ಹೋದನಂತೆ.

ಸುದ್ದಿ ಬೀರೂರಿಗೂ ಮುಟ್ಟಿತ್ತು. ಒಬ್ಬ ವ್ಯಾಪಾರಿ ಐಸ್ ಪೆಟ್ಟಿಗೆ ತುಂಬಿದ ಗಾಡಿ ತಂದು ಏರಿಯ ಮೇಲೆ ನಿಲ್ಲಿಸಿದ. "ಇನ್ನೂ ಉಸ್ರು ಐತೆ, ಈಗ್ಲೇ ಕೊಟ್ಬಿಡಿ ಸಾಬ್ರೇ. ದೂರದೂರಿಗೆ ಕಳಿಸ್ತೀನಿ, ಯಾರಿಗೂ ಗೊತ್ತಾಗಲ್ಲ."

"ದೂರದೋರಿಗೆ ಹೊಟ್ಟೆ ಇಲ್ವಾ?" ಎಂದ ಮಾಬಣ್ಣ. ಗಾಡಿ ತಿರುಗಿಸುವವರೆಗೂ ಹುಟ್ಟನ್ನು ಕೆಳಗಿಡಲಿಲ್ಲ.

ಅವನ ಪಾಲಿನ ಇಡೀ ವರ್ಷ ಅಲ್ಲಿ ತೇಲುತ್ತಿತ್ತು. ಎತ್ತಿ ಸಾಗಿಸಲು ಒಂದು ಟ್ರಾಕ್ಟರ್ ಕೇಳಿದರೆ ಎಲ್ಲರ ಟ್ರಾಕ್ಟರೂ ಅಂದೇ ಕೆಟ್ಟಿತ್ತು! ನಮ್ಮೆಜಮಾನರು ಗಿರಣಿಯ ಗೂಡ್ಸ್ ಆಟೋ ಕೊಟ್ಟರು. ಮಾಬಣ್ಣ, ಅವನ ಹೆಂಡತಿ ಜರೀನಕ್ಕ, ನಾವಿಬ್ಬರು ಸೇರಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ತುಂಬಿದೆವು. ಅಲ್ಲಿಯವರೆಗೆ ಮೀನನ್ನು ಮುಟ್ಟಿರದ ಕೈ ನನ್ನದು. ದೂರದ ಗುಡ್ಡದ ಬದಿಗೆ ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು.

ಆಮೇಲೆ ಪಂಚಾಯಿತಿ ಸಭೆ ಸೇರಿತು. ಪರೀಕ್ಷೆಗೆಂದು ಕೆರೆಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋದ ಇಲಾಖೆಯವರು ಮತ್ತೆ ಬರಲಿಲ್ಲ. ಹೊಸ ಮಳೆಗೆ ಮೀನು ಸಾಯುವುದು ಇದ್ದದ್ದೇ ಎಂದು ಒಬ್ಬ ಹೇಳಿದ. ಓಂಕಾರಪ್ಪ ಎದ್ದು ನಿಂತು, "ಮೀನು ಸಲೀಸಾಗಿ ಹಿಡಿಯಾಕೆ ಇವ್ರೇ ಏನೋ ಹಾಕವ್ರೆ" ಎಂದ. ಸಭೆಯಲ್ಲಿದ್ದ ಅಷ್ಟೂ ಜನರಿಗೆ ಅದು ಸುಳ್ಳೆಂದು ಗೊತ್ತಿತ್ತು. ಬಹಳ ಮಂದಿ ತಲೆಯಾಡಿಸಿದರು.

"ಮೀನಿನ ಮಾತು ಬಿಡ್ರೀ!" ಮಾಬಣ್ಣ ಕೂಗಿದ. "ನನ್ನ ನಷ್ಟ ನನಗಿರ್ಲಿ, ನಾನೇನೂ ಕೇಳಲ್ಲ. ನಿಮ್ಮ ಕುಡಿಯೋ ನೀರಿನ ಬೋರು ಎಲ್ಲೈತೆ? ಏರಿ ಬುಡದಲ್ಲೈತೆ! ಆ ಮೀನು ಕುಡಿದಿದ್ದನ್ನೇ ನಾಳೆ ನಿಮ್ಮ ಮಕ್ಳು ಕುಡೀತಾವೆ!"

"ಏ ಮಾಬಣ್ಣ, ಊರ ಹೆಸರು ಕೆಡಿಸ್ಬೇಡ. ಈರುಳ್ಳಿ ಯಾರೂ ಕೊಳ್ಳಲ್ಲ ಆಮೇಲೆ" ಎಂದರು ಅಧ್ಯಕ್ಷರು. ನಾನು ಎದ್ದು, ಅವನು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಕೇಳಿದೆ. ಹೆಣ್ಣುಮಕ್ಕಳು ಕೂತ್ಕೊಳ್ಳಿ ಎಂದರು. ಅವನ ಗುತ್ತಿಗೆ ರದ್ದಾಯಿತು. ಹಳ್ಳದಲ್ಲಿ ಪಂಪು ತೊಳೆಯಬಾರದೆಂದು ಒಂದು ಮಾತೂ ಆಗಲಿಲ್ಲ. ಇವತ್ತಿಗೂ ತೊಳೆಯುತ್ತಾರೆ. ಓಂಕಾರಪ್ಪನ ಮನೆಗೆ ಮಾತ್ರ ಅಜ್ಜಂಪುರದಿಂದ ಕ್ಯಾನಿನಲ್ಲಿ ಕುಡಿಯುವ ನೀರು ಬರುತ್ತದೆ.

ಮಾಬಣ್ಣ ಈಗ ತರೀಕೆರೆಯಲ್ಲಿ ಕಡಲ ಮೀನು ಮಾರುತ್ತಾನೆಂದು ಯಾರೋ ಹೇಳಿದರು. ನಾನು ಅವನನ್ನು ಕೊನೆಗೆ ಕಂಡದ್ದು ಬಲೆ, ತೆಪ್ಪ ಒಯ್ಯಲು ಬಂದ ದಿನ. ಗಾಡಿಗೆ ಎಲ್ಲ ತುಂಬಿ, ಬಿಸಿಲಿನಲ್ಲಿ ಬೆವರುತ್ತಾ ಗಿರಣಿಯ ಜಗಲಿಯ ಮೇಲೆ ಕೂತ. ಅತ್ತೆ ತಾವೇ ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಅವನ ಕೈಗೆ ಕೊಟ್ಟರು. ಅವನು ಚೊಂಬಿನೊಳಗೆ ನೋಡಿದ. ಕುಡಿಯದೆ ಪಕ್ಕಕ್ಕಿಟ್ಟ.

"ಬ್ಯಾಡಮ್ಮ. ಬೇಜಾರ್ ಮಾಡ್ಕೋಬ್ಯಾಡಿ. ನೀವೂ ಕುಡೀಬ್ಯಾಡಿ."

ಗಾಡಿ ಹತ್ತಿ ಹೊರಟುಹೋದ. ಅತ್ತೆ ಚೊಂಬನ್ನು ಎತ್ತಿಕೊಂಡು ಒಳಗೆ ಹೋದರು. ಆ ನೀರಿನಲ್ಲೇ ನಾನು ಅನ್ನಕ್ಕಿಟ್ಟೆ. ಬೇರೆ ನೀರು ಮನೆಯಲ್ಲಿರಲಿಲ್ಲ.