ಹಿಂದಕ್ಕೆ ಕಳಿಸಿದ ಹಾಲು

ಹಾಲಿನ ಡೈರಿಯ ಕಟ್ಟೆಯ ಮೇಲೆ ಹದಿನೇಳು ವರ್ಷ ನಿಂತವಳು ಅವಳು. ಏನು ಕೆಲಸ ಅಂದರೆ ಕೇಳಿದವರಿಗೆ ನಗು ಬರಬೇಕು: ಮೂಸುವುದು. ಲಾರಿಯಿಂದ ಕ್ಯಾನು ಇಳಿಯುತ್ತದೆ. ಇವಳು ಮುಚ್ಚಳಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟು ಎತ್ತುತ್ತಾಳೆ, ಅದರ ಒಳಮೈಯನ್ನು ಮೂಗಿಗೆ ಹಿಡಿದು ಒಂದೇ ಒಂದು ಉಸಿರು ಎಳೆಯುತ್ತಾಳೆ. ಸರಿಯಿದ್ದರೆ ಮುಂದಕ್ಕೆ. ಹುಳಿಗೆ ತಿರುಗುವ ಸೂಚನೆ ಸಿಕ್ಕಿತೋ, ಕ್ಯಾನಿನ ಹೊಟ್ಟೆಗೆ ಕೆಂಪು ಸೀಮೆಸುಣ್ಣದ ಗೀಟು, ಬಂದ ದಾರಿಗೆ ಸುಂಕವಿಲ್ಲ.

ಹಾಲು ಹಾಕುವವರು ಎದುರಿಗೆ ಮೂಗಿನಕ್ಕ ಅನ್ನುತ್ತಿದ್ದರು. ಬೆನ್ನ ಹಿಂದೆ ಅನ್ನುತ್ತಿದ್ದುದನ್ನು ಇಲ್ಲಿ ಹೇಳುವುದು ಬೇಡ. ಅವಳೇನು ಕಡಿಮೆಯೇ? ಸಿಟ್ಟು ಸದಾ ಮೂಗಿನ ತುದಿಯಲ್ಲೇ. ನಗುನಗುತ್ತಾ ಮಾತಾಡಿಸಿದವನ ಕ್ಯಾನನ್ನು ಎರಡು ಸಲ ಮೂಸುತ್ತಿದ್ದಳು. ಒಬ್ಬರನ್ನೂ ನಂಬದ ಹೆಂಗಸು, ಆದರೆ ಅವಳ ಮೂಗು ಒಂದು ದಿನವೂ ಸುಳ್ಳು ಹೇಳಿದ್ದಿಲ್ಲ. ಅವಳಿಗಿದ್ದ ಆಸ್ತಿ ಅದೊಂದೇ.

ಆ ಆಸ್ತಿಗೇ ಕುತ್ತು ಬಂತು. ಕಟ್ಟೆಯ ಒಂದು ಕಡೆ ಕ್ಯಾನು ತೊಳೆಯುವ ಬಿಸಿ ಹಬೆ, ಇನ್ನೊಂದು ಕಡೆ ಶೀತಲ ಕೋಣೆಯ ಕೊರೆಯುವ ಗಾಳಿ. ವರ್ಷಗಟ್ಟಲೆ ನಡುವೆ ನಿಂತು ಮೂಗಿನ ಒಳಗೆಲ್ಲ ಒಣಗಿ ಬಿರುಕು ಬಿಟ್ಟಿತು. ಹುಬ್ಬಿನ ನಡುವೆ ಕಲ್ಲು ಹೇರಿದ ಹಾಗೆ ಭಾರ, ಸೀನಿದರೆ ರಕ್ತ.

ಮದ್ದು ಕೊಟ್ಟವಳು ಅತ್ತೆ. ಇಬ್ಬರದೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಆದರೆ ಅತ್ತೆ ನಾಟಿ ಪಂಡಿತರ ಮಗಳು, ಮೂಗಿಗೆ ಬಿಡುವ ನಸ್ಯದ ಎಣ್ಣೆ ಕಾಯಿಸುವುದರಲ್ಲಿ ಪಳಗಿದ ಕೈ. ಸೊಸೆಯ ಸಂಬಳ ನಿಂತರೆ ಒಲೆಯೂ ನಿಲ್ಲುತ್ತದೆ ಅನ್ನುವುದು ಗೊತ್ತಿದ್ದ ಮುದುಕಿ ಕೂಡ. ಬೇರು ತೊಗಟೆಯ ಕಷಾಯದಲ್ಲಿ ಎಳ್ಳೆಣ್ಣೆ ಕುದಿಸಿ, ಕೊನೆಯ ಪಾಕಕ್ಕೆ ಎಣ್ಣೆಯಷ್ಟೇ ಹಾಲು ಹಾಕಿ, ನೀರಿನ ಪಸೆ ಆರುವ ತನಕ ಕಾಯಿಸಿ ಸೋಸುತ್ತಿದ್ದಳು. ಬೆಳಿಗ್ಗೆ ಸೊಸೆಯ ಮುಖಕ್ಕೆ ಬಿಸಿ ಬಟ್ಟೆ ಒತ್ತಿ, ಹೆಗಲ ಕೆಳಗೆ ದಿಂಬು ಕೊಟ್ಟು ತಲೆ ಹಿಂದಕ್ಕೆ ಇಳಿಬಿಡಿಸಿ, ಹೊಳ್ಳೆಗೆ ಎರಡೆರಡು ಹನಿ. ಗಂಟಲಿಗೆ ಇಳಿದದ್ದನ್ನು ಉಗುಳಿ ಬಿಸಿನೀರಿಗೆ ಬಾಯಿ ಮುಕ್ಕಳಿಸಬೇಕು. ತಲೆಗೆ ಸ್ನಾನ ಮಾಡಿದ ದಿನ ಮಾತ್ರ ಎಣ್ಣೆ ಮುಟ್ಟಬಾರದು. ಒಂದು ತಿಂಗಳಿಗೆ ಬಿರುಕು ಕೂಡಿತು, ತಲೆ ಹಗುರಾಯಿತು. ಆಗದವಳ ಕೈಗೆ ದಿನಾ ಕತ್ತು ಒಪ್ಪಿಸಿ ಮಲಗುವುದು ಅವಳಿಗೆ ಬೆಂಕಿಯಂಥ ಅವಮಾನ. ಆದರೂ ಹಲ್ಲು ಕಚ್ಚಿಕೊಂಡು ಮಲಗುತ್ತಿದ್ದಳು.

ಹೀಗಿರುವಾಗ ಭಾವ, ಅಂದರೆ ಗಂಡನ ಅಣ್ಣ, ಹಿತ್ತಿಲಲ್ಲಿ ನಾಲ್ಕು ಹಸು ಕಟ್ಟಿದ. ಮಹಾ ಸೋಮಾರಿ. ಕ್ಯಾನು ಸರಿಯಾಗಿ ತೊಳೆಯುತ್ತಿರಲಿಲ್ಲ, ಮುಚ್ಚಳಕ್ಕೆ ರಬ್ಬರಿನ ಉಂಗುರ ಹಾಕುವ ಬದಲು ಒದ್ದೆ ಗೋಣಿಯ ಚೂರು ತುರುಕುತ್ತಿದ್ದ. ಒಂದೇ ವಾರದಲ್ಲಿ ಅವನ ಕ್ಯಾನಿಗೆ ಮೂರು ಸಲ ಕೆಂಪು ಗೀಟು ಬಿತ್ತು. ಅತ್ತೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಮನೆ ಹಾಲು ಅಂತ ಒಂದು ಕಣ್ಣು ಮುಚ್ಕೊಂಡರೆ ನಿನ್ನ ಗಂಟೇನು ಹೋಗುತ್ತೆ?"

"ಕಣ್ಣು ಮುಚ್ಕೋಬಹುದು ಅತ್ತೆ. ಮೂಗು ಮುಚ್ಕೊಂಡರೆ ಉಸಿರು ನಿಲ್ಲುತ್ತೆ."

ಗಂಡ ಅನ್ನಿಸಿಕೊಂಡವನು ಅಲ್ಲೇ ಇದ್ದ, ಚಪ್ಪಲಿ ಹುಡುಕುವ ನೆಪ ಮಾಡಿ ಹೊರಗೆ ಜಾರಿದ. ಅವತ್ತಿನಿಂದ ಅತ್ತೆ ಸೊಸೆ ನಡುವೆ ಮಾತು ನಿಂತಿತು. ಎಣ್ಣೆ ಮಾತ್ರ ನಿಲ್ಲಲಿಲ್ಲ. ಹಳೆಯದು ಮುಗಿದು ಹೊಸ ಸೀಸೆ ಬಂತು. ಮೊದಲ ಹನಿಗೇ ಏನೋ ಬೇರೆ ಅನ್ನಿಸಿತು. ಬೇರು ಹೊಸದು ಅಂತ ಅತ್ತೆ ಗೊಣಗಿದಳು. ನಾಲ್ಕು ದಿನಕ್ಕೆ ಅದೂ ರೂಢಿಯಾಯಿತು.

ಆ ತಿಂಗಳಲ್ಲೇ ಅವಳು ಮೊದಲ ಸಲ ತಪ್ಪಿದಳು. ಹುಳಿ ಹಾಲು ಅವಳ ಕೈ ದಾಟಿ ಹೋಗಿ ಇಡೀ ತೊಟ್ಟಿ ಕೆಟ್ಟಿತು. ಹತ್ತು ದಿನಕ್ಕೆ ಇನ್ನೊಂದು ತೊಟ್ಟಿ. ಮೇಲ್ವಿಚಾರಕ ಕರೆದು, ಇನ್ನೊಂದು ಸಲ ಹೀಗಾದರೆ ಹಿಂದುಗಡೆ ಕ್ಯಾನು ತೊಳೆಯೋಕೆ ಹೋಗಬೇಕಾಗುತ್ತೆ ಅಂದ. ಲಾರಿಯವರೆಲ್ಲ ಕೇಳಿಸಿಕೊಂಡರು. ಹದಿನೇಳು ವರ್ಷ ಯಾರ ಕ್ಯಾನಿಗೆ ಗೀಟು ಎಳೆದಳೋ ಅವರ ಕ್ಯಾನನ್ನೇ ಉಜ್ಜುವುದು! ಅದಕ್ಕಿಂತ ಸಾಯುವುದು ಮೇಲು ಅನ್ನಿಸಿತು ಅವಳಿಗೆ. ಮೂಗು ಸತ್ತೇ ಹೋಯಿತು ಅಂತ ಹೆದರಿ, ಮಾನ ಬಿಟ್ಟು ಅತ್ತೆಯ ಮುಂದೆ ನಿಂತಳು. ಸಂಜೆಯೂ ಎಣ್ಣೆ ಬಿಡಿ ಅಂತ ಕೇಳಿದಳು. ಅತ್ತೆಗೆ ಎಲ್ಲಿಲ್ಲದ ಉತ್ಸಾಹ. ಎರಡು ಯಾಕೆ, ನಾಲ್ಕು ಹನಿ ಬಿಡೋಣ ಅಂದಳಂತೆ.

ತಲೆಸ್ನಾನದ ದಿನ ಗುಟ್ಟು ಬಯಲಾಯಿತು. ಅವತ್ತು ಎಣ್ಣೆ ಇಲ್ಲ. ಕಟ್ಟೆ ಹತ್ತಿದವಳಿಗೆ ಮುಚ್ಚಳ ತೆಗೆಯುವ ಮೊದಲೇ ಒಂದು ಕ್ಯಾನಿನ ಹುಳಿ ಮೂಗಿಗೆ ಹೊಡೆಯಿತು. ಗೀಟು ಎಳೆದಳು. ಎಣಿಸಿ ನೋಡಿದಳು: ಎರಡು ಸಲ ತಪ್ಪಿದ್ದೂ ಎಣ್ಣೆ ಬಿಟ್ಟುಕೊಂಡು ಬಂದ ದಿನವೇ. ಮನೆಗೆ ಹೋದವಳು ಕಾಲು ಕೂಡ ತೊಳೆಯದೆ ಸೀಸೆ ತೆಗೆದು, ಬಿರಡೆಯನ್ನು ಮುಚ್ಚಳದ ಹಾಗೆ ಮೂಗಿಗೆ ಹಿಡಿದಳು. ಒಂದೇ ಉಸಿರು. ಬೇರು, ತೊಗಟೆ, ಎಳ್ಳು, ಅವುಗಳ ಅಡಿಯಲ್ಲಿ ಹುಳಿ ಹಾಲು. ಅದರ ಜೊತೆ ಒದ್ದೆ ಗೋಣಿ.

ಇಷ್ಟು ದಿನ ಹುಳಿಯನ್ನು ಮೂಗಿನೊಳಗೇ ಇಟ್ಟುಕೊಂಡು ಹುಳಿ ಹುಡುಕುತ್ತಿದ್ದಳು. ಸಿಕ್ಕೀತಾದರೂ ಹೇಗೆ? ಪಿತ್ತ ನೆತ್ತಿಗೇರಿತು. ಒಗೆದ ಬಟ್ಟೆ ಮಡಿಸುತ್ತಿದ್ದ ಅತ್ತೆಯ ಮುಂದೆ ಸೀಸೆ ಕುಕ್ಕಿದಳು. ಮುದುಕಿ ತಲೆಯನ್ನೂ ಎತ್ತಲಿಲ್ಲ.

"ಹೌದು, ನೀನು ಹಿಂದಕ್ಕೆ ಕಳಿಸಿದ ಹಾಲೇ. ಮೋರಿಗೆ ಚೆಲ್ಲೋಕೆ ಮನಸ್ಸು ಬರಲಿಲ್ಲ, ನಿನ್ನ ಮೂಗಿಗೆ ಚೆಲ್ಲಿದೆ."

ಸೊಸೆ ಸೀಸೆಯನ್ನು ಮೋರಿಗೆ ಬಗ್ಗಿಸಿ ಬಂದು ಮಲಗಿದಳು.

ವಾರ ಕಳೆಯಿತು. ಎಣ್ಣೆ ಇಲ್ಲದ ಮೂಗು ಮತ್ತೆ ಬಿರಿಯಿತು, ಉಸಿರು ಎಳೆದರೆ ಚುರುಗುಟ್ಟುವ ಉರಿ. ಆದರೆ ಚಾಕುವಿನಷ್ಟು ಚೂಪು. ಅವತ್ತು ಭಾವನ ಕ್ಯಾನು ಬಂತು. ಪುಣ್ಯಾತ್ಮ ಬುದ್ಧಿ ಕಲಿತಿದ್ದ, ಮುಚ್ಚಳಕ್ಕೆ ಹೊಸ ರಬ್ಬರು, ಕ್ಯಾನು ಬೆಳಗಿದ ಹಾಗಿತ್ತು. ಅವಳು ಮುಚ್ಚಳ ಎತ್ತಿದಳು. ಆಗ ತಾನೇ ಕರೆದ ಹಾಲಿನ ಬೆಚ್ಚನೆಯ ಸಿಹಿ, ಒಂದು ಕೊಂಕಿಲ್ಲ. ಭಾವ ಲಾರಿಯ ಪಕ್ಕ ನಿಂತು ಹಲ್ಲು ಬಿಡುತ್ತಿದ್ದ.

ಅವಳು ಗೀಟು ಎಳೆದಳು.

"ಇನ್ನೊಂದ್ಸಲ ಮೂಸಿ ನೋಡಮ್ಮಾ," ಅಂದ ಭಾವ.

"ಹುಳಿ," ಅಂದಳು. ಹದಿನೇಳು ವರ್ಷದಲ್ಲಿ ಆ ಕಟ್ಟೆಯ ಮೇಲೆ ಅವಳಾಡಿದ ಮೊದಲ ಸುಳ್ಳು ಅದು. ಆಮೇಲೆ ಬಂದ ಒಂದೊಂದು ಕ್ಯಾನನ್ನೂ ಎರಡೆರಡು ಸಲ ಮೂಸಬೇಕಾಯಿತು.

ಮನೆಗೆ ಬಂದಾಗ ಆ ಕ್ಯಾನು ಹಜಾರದ ನಡುವೆ ಕೂತಿತ್ತು. ಅತ್ತೆ ಮುಚ್ಚಳವನ್ನು ಮೂಗಿಗೆ ಹಿಡಿದು ನಿಂತಿದ್ದಳು. ಪಂಡಿತರ ಮಗಳಲ್ಲವೇ, ಅವಳಿಗೂ ಮೂಗಿತ್ತು. ಬೈಗುಳ ಬೀಳುತ್ತದೆ ಅಂತ ಸೊಸೆ ಸೆಟೆದು ನಿಂತಳು. ಮುದುಕಿ ಬೈಯಲಿಲ್ಲ. ಮಂಚದ ಮೇಲೆ ದಿಂಬು ಸರಿಮಾಡಿದಳು.

"ಬಾ, ಮಲಗು. ಮೂಗಲ್ಲಿ ರಕ್ತ ಬರ್ತಿದೆ ನೋಡು. ಒಳ್ಳೇ ಹಾಲು ಕಳಿಸಿದ್ದೀಯ, ಇದರಲ್ಲೇ ಎಣ್ಣೆ ಕಾಯಿಸ್ತೀನಿ." ಮುಚ್ಚಳವನ್ನು ಕ್ಯಾನಿನ ಮೇಲೆ ಒತ್ತಿ ಅಂದಳು: "ಈಗ ನೋಡು, ನೀನೂ ನಮ್ಮನೆಯವಳಾದೆ."