ಆಮೆಮರಿಯ ನಾಡಿ

ರಾಯಬಾಗ ಸೀಮೆಯ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್. ದಿನವೂ ಹತ್ತಾರು ಜನರ ನಾಡಿ ಹಿಡಿಯುತ್ತೇನೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನಾನು ತಪ್ಪಿದ್ದು ಈ ಪಳಗಿದ ಕೈಯಿಂದಲೇ.

ಎರಡು ವರ್ಷದ ಹಿಂದೆ, ಕಬ್ಬಿನ ಕಟಾವು ಶುರುವಾದಾಗ, ಅಲಖನೂರಿನ ಹೊಲದಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬಳು ಬೆರಳಿನ ಗಾಯ ಕಟ್ಟಿಸಿಕೊಳ್ಳಲು ಬಂದಳು. ಹೊರಡುವಾಗ ಸೆರಗಿನ ಗಂಟು ಬಿಚ್ಚಿ, ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಆಮೆಮರಿಯೊಂದನ್ನು ಮೇಜಿನ ಮೇಲೆ ಇಟ್ಟಳು. ಕರಿ ಚಿಪ್ಪಿನ ಮೇಲೆ ಹಳದಿ ಚುಕ್ಕಿ, ಚುಕ್ಕಿಯಿಂದ ಹೊರಟ ಗೆರೆಗಳು.

“ಅಕ್ಕಾರ, ಕಬ್ಬಿನ ಒಣಾ ರವದಿಗೆ ಬೆಂಕಿ ಹಚ್ಚೂ ಮುಂದ ಸಿಕ್ಕತ್ರಿ. ಸುಟ್ಟು ಹೋಗತಿತ್ತು. ನಿಮ್ಮ ಮಗಳಿಗೆ ಒಯ್ರಿ.”

ಮಗಳಿಗಾಗ ಎಂಟು ವರ್ಷ. ಗಂಡ ನಿಪ್ಪಾಣಿಯಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು, ಮಗಳು, ಅತ್ತೆ. ಹಳೆಯ ರಟ್ಟಿನ ಡಬ್ಬಿಯಲ್ಲಿ ಅರಿವೆ ಹಾಸಿ ಮರಿಯನ್ನು ಬಿಟ್ಟೆವು. ಟೊಮ್ಯಾಟೊ, ಎಲೆಕೋಸು, ಹಾಲಿನಲ್ಲಿ ನೆನೆಸಿದ ಬ್ರೆಡ್ ಹಾಕಿದೆವು. ಅದು ತಿಂದಿತು ಕೂಡ. ಗಜ್ಜರಿ ಮಾತ್ರ ಅತ್ತೆ ಹಾಕಗೊಡಲಿಲ್ಲ. ನಾವು ಜೈನರು, ಅತ್ತೆ ನೆಲದೊಳಗಿನ ಗಡ್ಡೆ ಮುಟ್ಟುವವರಲ್ಲ. ನಮ್ಮ ಹಾಗೆಯೇ ಹೊತ್ತು ಮುಳುಗುವ ಮೊದಲೇ ಮರಿ ತಿನ್ನುವುದನ್ನು ನಿಲ್ಲಿಸಿ ಮೂಲೆ ಸೇರುವುದನ್ನು ನೋಡಿ, “ಇದು ನಮ್ಮ ಮನೀದ ಐತಿ ನೋಡವಾ” ಎಂದು ಮೊಮ್ಮಗಳಿಗೆ ಹೇಳಿ ನಕ್ಕರು.

ಮೂರು ವಾರಕ್ಕೆ ಅದರ ಕಣ್ಣು ಊದಿದವು. ಚಿಪ್ಪು ಒತ್ತಿದರೆ ತಗ್ಗುತ್ತಿತ್ತು. ಚಿಕ್ಕೋಡಿಯಲ್ಲಿ ಪರಿಚಯದ ಪಶುವೈದ್ಯರಿದ್ದರು, ಎಮ್ಮೆ ಎತ್ತುಗಳನ್ನು ನೋಡುವವರು. ಮರಿಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ತಲೆ ಅಲ್ಲಾಡಿಸಿದರು.

“ಹಾಲು, ಬ್ರೆಡ್ ಬಂದ್ ಮಾಡ್ರಿ. ಹುಲ್ಲು, ದಾಸವಾಳದ ಎಲಿ, ಹೂ ಹಾಕ್ರಿ. ಮುಂಜಾನಿ ಬಿಸಲಾಗ ಬಿಡ್ರಿ, ಒಂದ ಕಡೆ ನೆರಳಿರಲಿ. ತಾಟಿನಾಗ ಉಗುರುಬೆಚ್ಚಗಿನ ನೀರು ಹಾಕಿ ಸ್ವಲ್ಪ ಹೊತ್ತು ಕೂಡಸ್ರಿ. ನೀರು ಮೂಗಿಗೆ ಏರಬಾರದು. ತತ್ತಿ ಸಿಪ್ಪಿ ಪುಡಿ ಮಾಡಿ ಹಾಕಿದ್ರ ಚಲೋ.”

“ತತ್ತಿ ನಮ್ಮ ಮನ್ಯಾಗ ನಡಿಯೂದಿಲ್ರಿ.”

“ಹಂಗಾರ ಕ್ಯಾಲ್ಸಿಯಂ ಪುಡಿ ಬರದು ಕೊಡತೀನಿ. ಮತ್ತೊಂದು ಮಾತ್ರಿ. ಇದನ್ನ ಸಾಕೂದು ಕಾಯ್ದೆಕ್ಕ ವಿರುದ್ಧ. ಅರಣ್ಯ ಇಲಾಖೆದವರಿಗೆ ಒಪ್ಪಿಸಿಬಿಡ್ರಿ. ಅವರ ನೋಡ್ಕೊತಾರ.”

“ಹೂಂರಿ” ಎಂದೆ. ಒಪ್ಪಿಸಲಿಲ್ಲ. ತುಸು ಗಟ್ಟಿಯಾಗಲಿ, ಆಮೇಲೆ ಕೊಡೋಣ ಎಂದುಕೊಂಡೆ. ಮಗಳು ದಿನಾ ಮುಂಜಾನೆ ಅದನ್ನು ಹಿತ್ತಲಿನ ಬಿಸಿಲಿಗೆ ಒಯ್ಯುತ್ತಿದ್ದಳು. ಅದು ಕುತ್ತಿಗೆ ಚಾಚಿ ದಾಸವಾಳ ಕಚ್ಚಿದರೆ ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಕಣ್ಣು ತಿಳಿಯಾದವು. ನಾನು ಗೆದ್ದೆ ಅನ್ನಿಸಿತ್ತು.

ಆಮೇಲೆ ಥಂಡಿ ಬಿತ್ತು. ಲಸಿಕೆಯ ಕೆಲಸಕ್ಕೆಂದು ನಾನು ಎರಡು ದಿನ ಕಾಗವಾಡದ ಕಡೆ ಹೋದೆ. ಮಗಳಿಗೆ ಜ್ವರ ಬಂದಿತ್ತು. ಡಬ್ಬಿ ಬಚ್ಚಲ ಪಕ್ಕದ ತಣ್ಣನೆಯ ಫರಶಿ ಕಲ್ಲಿನ ಮೇಲೆಯೇ ಉಳಿದಿತ್ತು. ನಾನು ಬಂದು ನೋಡಿದಾಗ ಮರಿಯ ಕಾಲು ಅರ್ಧ ಹೊರಗಿದ್ದವು. ಮುಟ್ಟಿದರೆ ಒಳಗೆಳೆದುಕೊಳ್ಳಲಿಲ್ಲ. ಚಿವುಟಿದೆ. ಸ್ಟೆತಾಸ್ಕೋಪ್ ತಂದು ಚಿಪ್ಪಿನ ಅಡಿಗೆ ಒತ್ತಿ ಕೇಳಿದೆ. ಏನೂ ಇಲ್ಲ.

“ಅವ್ವಾ, ಮಲಗೇತೇನ?” ಮಗಳು ಕೇಳಿದಳು.

“ಇಲ್ಲವಾ, ಹೋಗೇತಿ.”

ನನ್ನ ದನಿಯಲ್ಲಿ ಅನುಮಾನವೇ ಇರಲಿಲ್ಲ. ಮಗಳ ಕರವಸ್ತ್ರದಲ್ಲಿ ಸುತ್ತಿ, ಕರಿಬೇವಿನ ಬುಡದಲ್ಲಿ ಗೇಣುದ್ದ ಗುಣಿ ತೋಡಿ ಇಟ್ಟು ಮಣ್ಣು ಎಳೆದೆ. ಅತ್ತೆ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿದರು.

ಐದು ದಿನದ ಮೇಲೆ ಚಿಕ್ಕೋಡಿಗೆ ಹೋದಾಗ ವೈದ್ಯರಿಗೆ ತಿಳಿಸಿದೆ. ಅವರು ಬರೆಯುವುದನ್ನು ನಿಲ್ಲಿಸಿದರು.

“ವಾಸನಿ ಬಂದಿತ್ತೇನ್ರಿ?”

“ಇಲ್ರಿ.”

“ಬಿಸಲಾಗ ಇಟ್ಟು ನೋಡಿದ್ರೇನು?”

“ಇಲ್ಲ.”

“ಥಂಡಿಗೆ ಅವು ಸತ್ತಂಗ ಬಿದ್ದಬಿಡತಾವ್ರಿ. ಅವುಗಳ ಎದಿಬಡಿತ ನಮಗ ಹಂಗೆಲ್ಲಾ ಕೇಳೂದಿಲ್ಲ.” ನನ್ನ ಮುಖ ನೋಡಿ, “ಸತ್ತ ಇರಬೇಕು ಬಿಡ್ರಿ” ಎಂದರು.

ಬಸ್ಸಿಳಿದವಳು ನೇರ ಹಿತ್ತಲಿಗೆ ಹೋದೆ. ಚಪ್ಪಲಿಯನ್ನೂ ಬಿಡದೆ ಕೈಯಿಂದಲೇ ಮಣ್ಣು ಬಗೆದೆ. ಮಣ್ಣು ಸಡಿಲಾಗಿತ್ತು. ಒಳಗೆ ಕರವಸ್ತ್ರವಿತ್ತು, ಒಂದು ಮಗ್ಗುಲಲ್ಲಿ ಹರಿದಿತ್ತು. ಮರಿ ಇರಲಿಲ್ಲ.

“ನಾಯಿ ಒಯ್ದಿರಬೇಕ ಬೇ, ಏಳು,” ಅತ್ತೆ ಬಾಗಿಲಲ್ಲಿ ನಿಂತು ಅಂದರು. ಮಗಳು ಮಾತ್ರ, “ಎದ್ದು ನಡಕೋತ ಹೋಗೇತಿ!” ಎಂದು ಚಪ್ಪಾಳೆ ತಟ್ಟಿದಳು. ಬೇಲಿಯ ಸಂದಿ, ಸೌದೆಯ ಒಟ್ಟಿಲು, ನೆರೆಯವರ ಹಿತ್ತಲು, ಎಲ್ಲ ಹುಡುಕಿದೆವು. ಚಿಪ್ಪಿನ ಚೂರೂ ಸಿಗಲಿಲ್ಲ.

ಅಂದಿನಿಂದ ಕೆಲಸದ ನಡುವೆ, ನಡು ಮಧ್ಯಾಹ್ನವೇ, ಸಣ್ಣ ಉಗುರು ಮಣ್ಣು ಕೆರೆಯುವ ಸದ್ದು ಕೇಳುತ್ತದೆ. ಸೂಜಿ ಕೆಳಗಿಟ್ಟು ಸುತ್ತ ನೋಡುತ್ತೇನೆ. ಮಣ್ಣೊಳಗಿನ ಕತ್ತಲಲ್ಲಿ ಎಚ್ಚರಾಗಿ ಮರಿ ಯಾವ ಕಡೆಗೆ ಕೆರೆಯಿತೋ, ಎಷ್ಟು ದಿನ ಕೆರೆಯಿತೋ ಎಂಬುದು ತಲೆಯಿಂದ ಹೋಗುವುದಿಲ್ಲ.

ಹೋದ ಚಳಿಗಾಲದಲ್ಲಿ ಮುಗಳಖೋಡದ ಹತ್ತಿರದ ಒಂದು ಮನೆಗೆ ಕರೆದರು. ಮುದುಕರೊಬ್ಬರು ಹಾಸಿಗೆಯಲ್ಲಿ ತಣ್ಣಗಾಗಿದ್ದರು. ಮಣಿಕಟ್ಟು ಹಿಡಿದೆ, ಕುತ್ತಿಗೆ ಮುಟ್ಟಿದೆ, ಮತ್ತೆ ಮಣಿಕಟ್ಟು ಹಿಡಿದೆ. ಬಿಡಲಾಗಲಿಲ್ಲ. “ಹ್ವಾದ್ರೇನ್ರಿ ಅಕ್ಕಾರ?” ಎಂದು ಸೊಸೆ ಎರಡು ಸಲ ಕೇಳಿದಳು. ಸ್ವಲ್ಪ ಬಿಸಿಲಿಗೆ ಒಯ್ಯಿರಿ ಎಂಬ ಮಾತು ತುಟಿಗೆ ಬಂದಿತ್ತು. ನುಂಗಿಕೊಂಡು, “ಡಾಕ್ಟರು ಬಂದು ನೋಡಲಿ” ಎಂದು ಹೊರಗೆ ಬಂದೆ. ಡಾಕ್ಟರು ಬಂದು ಒಂದೇ ನಿಮಿಷದಲ್ಲಿ ಹೇಳಿದರು. ಒಳಗೆ ಅಳು ಎದ್ದಿತು.

ಈಗ ಮಗಳಿಗೆ ಹತ್ತು. ಮೊನ್ನೆ ತಲೆ ಬಾಚಿಸಿಕೊಳ್ಳುತ್ತಾ ಕೂತವಳು ತಟ್ಟನೆ ಕೇಳಿದಳು: “ಅವ್ವಾ, ನೀ ಹೂಳೂ ಮುಂದ ಅದಕ್ಕ ಜೀವ ಇತ್ತೇನ?”

“ಗೊತ್ತಿಲ್ಲವಾ,” ಎಂದೆ.

ಅವಳು ತಿರುಗಿ ನೋಡಲಿಲ್ಲ. ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡು, ಉಳಿದ ಜಡೆಯನ್ನು ತಾನೇ ಹೆಣೆದುಕೊಂಡಳು.